ಪಥ್ಯ ಒಂದನ್ನು ಬಿಟ್ಟು

ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರು, ಅದಕ್ಕೆ ಅರ್ಧ ಹೋಳು ನಿಂಬೆಯ ರಸ, ಒಂದು ಚಮಚ ಜೇನುತುಪ್ಪ. ಆಯುರ್ವೇದದಲ್ಲಿ ನಂಬಿಕೆ ಇರುವ ಮನೆಗಳಲ್ಲಿ ದಿನ ಶುರುವಾಗುವುದು ಹೀಗೆ. ಬೊಜ್ಜು ಕರಗುತ್ತದೆ, ರಕ್ತ ಶುದ್ಧಿಯಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಇದನ್ನೆಲ್ಲ ಯಾರು ಹೇಳಿದ್ದು ಎಂದು ಕೇಳಿದರೆ, 'ನಮ್ಮ ಋಷಿಮುನಿಗಳು ಐದು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ ಸ್ವಾಮಿ' ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

ಜೇನಿನ ಬಗ್ಗೆ ಅವರು ಹೇಳಿರುವುದು ನಿಜ. ಚರಕಸಂಹಿತೆಯ ಸೂತ್ರಸ್ಥಾನದ 27ನೇ ಅಧ್ಯಾಯ ತೆಗೆದು ನೋಡಿ. ಬಿಸಿ ಜೇನು ಪ್ರಾಣಕ್ಕೇ ಎರವಾಗುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಜೇನಿಗೆ ಬಿಸಿ ಆಗದು ಎಂದು ಸುಶ್ರುತನೂ ಹೇಳುತ್ತಾನೆ, ವಾಗ್ಭಟನೂ ಹೇಳುತ್ತಾನೆ. ಮೂವರೂ ಬೇಡವೆಂದದ್ದನ್ನು ನಾವು ಅವರದೇ ಹೆಸರು ಹೇಳಿಕೊಂಡು ದಿನಾ ಬೆಳಿಗ್ಗೆ ಕುಡಿಯುತ್ತಿದ್ದೇವೆ. ಕುಡಿದೂ ಬದುಕಿದ್ದೇವಲ್ಲ ಎನ್ನುತ್ತೀರಾ? ಆ ತಕರಾರನ್ನು ಚರಕನ ಹತ್ತಿರವೇ ಬಗೆಹರಿಸಿಕೊಳ್ಳಿ. ನನ್ನದು ಬೇರೆ ಪ್ರಶ್ನೆ. ಇಷ್ಟೊಂದು ಭಕ್ತಿ ಇರುವವರು ಪುಸ್ತಕವನ್ನು ಒಂದು ಸಲ ಬಿಚ್ಚಿ ನೋಡಬಾರದೆ?

ನೋಡುವುದಿಲ್ಲ. ನೋಡಿದರೆ ಕಷ್ಟಕ್ಕೆ ಬರುತ್ತದೆ. ರಾತ್ರಿ ಹೊತ್ತು ಮೊಸರು ತಿನ್ನಕೂಡದು ಎಂದು ಅದೇ ಚರಕ ಹೇಳುತ್ತಾನೆ. ಹುಳಿ, ಸಾರು, ಪಲ್ಯ ಎಲ್ಲ ಮುಗಿದ ಮೇಲೆ ಒಂದು ಹಿಡಿ ಮೊಸರನ್ನ ಬೀಳದಿದ್ದರೆ ಊಟವೇ ಆಗಲಿಲ್ಲ ಎಂದು ಗೊಣಗುವ ಕನ್ನಡಿಗನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಹಾಲಿಗೆ ಹುಳಿಹಣ್ಣು ಸೇರಿಸಬೇಡಿ ಎನ್ನುತ್ತದೆ ಗ್ರಂಥ. ನಮ್ಮ ಜ್ಯೂಸ್ ಸೆಂಟರಿನ ಅರ್ಧ ವ್ಯಾಪಾರ ಅಲ್ಲಿಗೆ ಬಂದ್. ಬೇಸಿಗೆ ಬಿಟ್ಟರೆ ಹಗಲು ನಿದ್ದೆ ಬೇಡ. ಮುದುಕರಿಗೆ, ಮಕ್ಕಳಿಗೆ, ನಿತ್ರಾಣರಿಗೆ ರಿಯಾಯಿತಿ ಉಂಟು, ಭಾನುವಾರ ಬಾಡೂಟ ಹೊಡೆದವರಿಗೆ ಇಲ್ಲ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದು ಪಾಲು ಖಾಲಿ ಬಿಡಿ ಎನ್ನುತ್ತಾನೆ ವಾಗ್ಭಟ. ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವವರ ಪಂಕ್ತಿಯಲ್ಲಿ ನಿಂತು ಆ ಖಾಲಿ ಪಾಲು ಎಲ್ಲಿದೆ ಎಂದು ವಿಚಾರಿಸಿ ನೋಡಿ, ಬಡಿಸುವವರೇ ನಿಮ್ಮನ್ನು ಆಚೆ ಕಳಿಸುತ್ತಾರೆ.

ದಿನನಿತ್ಯದ ಆರೋಗ್ಯದ ಬಗ್ಗೆ ಆ ಹಳೆಯ ವೈದ್ಯರು ಬರೆದದ್ದರಲ್ಲಿ ಬಹುಪಾಲು ಇಂಥದ್ದೇ. ಬೇಡ, ಬಿಡು, ಕಾಯಿ, ಹಸಿವಾಗಲಿ, ಕತ್ತಲಾಯಿತು ಮಲಗು. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ನಿರುಪಯೋಗಿ ಶಾಸ್ತ್ರ ಇನ್ನೊಂದಿಲ್ಲ. ಉಪವಾಸಕ್ಕೆ ಎಂಆರ್‌ಪಿ ಅಂಟಿಸಲು ಬರುವುದಿಲ್ಲ. ಬೇಗ ಮಲಗುವುದನ್ನು 'ಎರಡು ಕೊಂಡರೆ ಒಂದು ಉಚಿತ' ಎಂದು ಮಾರಲು ಬರುವುದಿಲ್ಲ. ಆದ್ದರಿಂದ ಮಾರುಕಟ್ಟೆ ಒಂದು ಚಿಕ್ಕ ತಿದ್ದುಪಡಿ ಮಾಡಿತು: 'ಬಿಡಿ' ಎಂದಿದ್ದ ಕಡೆಯೆಲ್ಲ 'ಕೊಳ್ಳಿ' ಎಂದು ಬರೆಯಿತು. ಉಳಿದದ್ದು ಯಥಾಪ್ರತಿ.

ಇದರಲ್ಲಿ ಮಾರುಕಟ್ಟೆಯ ತಪ್ಪೊಂದೇ ಇಲ್ಲ. ನೆಟ್ಟಗೆ ಓದಿದ ಯಾವುದಾದರೂ ವೈದ್ಯರ ಕೋಣೆಯಲ್ಲಿ ಅರ್ಧ ತಾಸು ಕೂತು ನೋಡಿ. ಅವರು ನಾಡಿ ಹಿಡಿಯುತ್ತಾರೆ, ನಾಲಗೆ ನೋಡುತ್ತಾರೆ, ನಿದ್ದೆ ಹೇಗೆ, ಮಲಪ್ರವೃತ್ತಿ ಹೇಗೆ ಎಂದು ಬಿಡದೆ ಕೇಳುತ್ತಾರೆ. ಕೊನೆಗೆ ಚೀಟಿ ಬರೆಯುವಾಗ ರೋಗಿ ಮೆಲ್ಲಗೆ ಬಾಯಿಬಿಡುತ್ತಾನೆ.

'ಡಾಕ್ಟ್ರೇ, ಪಥ್ಯ ಗಿಥ್ಯ ಏನಾದ್ರೂ ಇದೆಯಾ?'

'ಇದೆಯಪ್ಪ. ಬದನೆ, ಹುಳಿ, ಕರಿದಿದ್ದು ಬೇಡ. ರಾತ್ರಿ ಎಂಟರ ಒಳಗೆ ಊಟ. ಆ ಬೀಡಾ, ಸಿಗರೇಟು ಬಿಡಬೇಕು.'

'ಅಲ್ಲ ಡಾಕ್ಟ್ರೇ, ಔಷಧಿ ಎಷ್ಟು ಸ್ಟ್ರಾಂಗ್ ಇದ್ರೂ ಪರವಾಗಿಲ್ಲ. ಪಥ್ಯ ಇಲ್ದೇ ಇರೋದು ಕೊಡಿ.'

ವೈದ್ಯರು ಕೊಡಲಿಲ್ಲ ಎಂದರೆ ಕೊಡುವವರು ಮುಂದಿನ ತಿರುವಿನಲ್ಲಿ ಇದ್ದೇ ಇರುತ್ತಾರೆ. ಕಟ್ಟುಪಥ್ಯ ಮಾಡುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ನಾವು. ಅಜ್ಜಿಯ ಕಷಾಯ ಬೇಕು, ಅಜ್ಜಿಯ ಬಾಯಿಕಟ್ಟು ಬೇಡ.

ಲಾಲ್‌ಬಾಗಿನ ಗೇಟಿನ ಹೊರಗೆ ಬೆಳಗಿನ ಹೊತ್ತು ಹೋದರೆ ಇಡೀ ಅಷ್ಟಾಂಗ ಆಯುರ್ವೇದ ತಳ್ಳುಗಾಡಿಯ ಮೇಲೆ ನಿಂತಿರುತ್ತದೆ. ಹಾಗಲಕಾಯಿ, ಸೋರೆಕಾಯಿ, ಬೂದುಗುಂಬಳ, ಬೇವು, ನೆಲ್ಲಿಕಾಯಿ, ಗೋಧಿಹುಲ್ಲು, ಎಲ್ಲದರ ರಸ. ಯಾವ ರೋಗಕ್ಕೆ ಯಾವ ರಸ ಎಂಬ ಬೋರ್ಡು ಪಕ್ಕದಲ್ಲಿ. ಶೂ ಹಾಕಿಕೊಂಡ ಹಿರಿಯರೊಬ್ಬರು ಬಂದು ನಿಲ್ಲುತ್ತಾರೆ.

'ಸಾರ್‌ಗೆ ಏನು ಪ್ರಾಬ್ಲಮ್ಮು?'

'ಶುಗರ್ರು, ಬೀಪಿ. ಸ್ವಲ್ಪ ಮಂಡಿನೋವು.'

'ಮಿಕ್ಸ್ ಹಾಕ್ತೀನಿ ಬಿಡಿ ಸಾರ್.'

ಮುಗಿಯಿತು. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರೂ ರೋಗಪರೀಕ್ಷೆ ಒಂದು ಲೋಟ ತೊಳೆಯುವಷ್ಟರಲ್ಲಿ ಆಗಿಹೋಯಿತು. ಹಿರಿಯರು ಮುಖ ಕಿವುಚಿ ಕುಡಿದು, ಎದುರಿನ ಹೋಟೆಲಿಗೆ ದಾಟಿ, ಬೆಣ್ಣೆ ಮಸಾಲೆಗೆ ಆರ್ಡರ್ ಕೊಡುತ್ತಾರೆ. ಹಾಗಲ ಕುಡಿದಾಗಿದೆಯಲ್ಲ, ಲೆಕ್ಕ ಸರಿಹೋಗುತ್ತದೆ.

ಆ 'ಮಿಕ್ಸ್' ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಸೋರೆ, ಸೌತೆ, ಹಾಗಲದ ಜಾತಿಯ ಕಾಯಿಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಸ್ತು ಇರುತ್ತದೆ. ಕೆಲವು ಸೋರೆಕಾಯಿಗಳಲ್ಲಿ ಅದು ಮಿತಿಮೀರಿ ವಿಷವಾಗುತ್ತದೆ. ಆಮೇಲೆ ಐಸಿಎಂಆರ್ ಸಮಿತಿಯೊಂದು ಕೂತು ಸಲಹೆ ಕೊಟ್ಟಿತು. ರಸ ತೆಗೆಯುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಎಸೆಯಿರಿ, ಸೋರೆ ರಸವನ್ನು ಬೇರೆ ರಸದ ಜೊತೆ ಬೆರೆಸಬೇಡಿ. ಹಾಗಲಕಾಯಿ ರಸದಲ್ಲಿ ಬೆರೆತ ಮೇಲೆ ಸೋರೆಯ ಕಹಿ ಯಾವ ನಾಲಗೆಗೆ ಗೊತ್ತಾಗಬೇಕು? ತಳ್ಳುಗಾಡಿಯವನಿಗೆ ಇದು ಗೊತ್ತಿಲ್ಲದಿದ್ದರೆ ಅವನನ್ನು ದೂರುವಂತಿಲ್ಲ. ವಾಟ್ಸ್ಆ್ಯಪಿನಲ್ಲಿ ಸೋರೆ ರಸದ ಮಹಿಮೆಯನ್ನು ನಲವತ್ತು ಗ್ರೂಪಿಗೆ ಹಂಚುವ ನಿವೃತ್ತ ಗೆಜೆಟೆಡ್ ಅಧಿಕಾರಿಗಳಿಗೂ ಗೊತ್ತಿಲ್ಲ.

ಹಳಬರಿಗೆ ಮದ್ದಿನ ಅಳತೆ ಗೊತ್ತಿತ್ತು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಳೆಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತೆಗೆದು, ಬರಿಹೊಟ್ಟೆಯಲ್ಲಿ ಕಷಾಯ ಕುಡಿಯುತ್ತಾರೆ. ಮೈ ಕಾವೇರುತ್ತದೆಂದು ಹಿಂದೆಯೇ ಮೆಂತೆ ಗಂಜಿ ಉಣ್ಣುತ್ತಾರೆ. ವರ್ಷಕ್ಕೆ ಒಂದೇ ದಿನ. ಮರ ಗುರುತಿಸುವ ಹಿರಿಯರು ಮನೆಯಲ್ಲಿರಬೇಕು, ಇಲ್ಲದಿದ್ದರೆ ಹಾಳೆಯ ಬದಲು ಕಾಸರ್ಕದ ತೊಗಟೆ ಬಂದು ಆಸ್ಪತ್ರೆಗೆ ಓಡಬೇಕಾಗುತ್ತದೆ ಎನ್ನುವುದು ಕರಾವಳಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ನಗರದ ಆಯುರ್ವೇದ ಭಕ್ತನಿಗೆ ಮಾತ್ರ ವರ್ಷಕ್ಕೊಂದು ದಿನ ಎಂದರೆ ಸಮಾಧಾನವಿಲ್ಲ. ದಿನಾ ಮೂರು ಹೊತ್ತು, ಮೊಬೈಲಿನಲ್ಲಿ ರಿಮೈಂಡರ್ ಇಟ್ಟುಕೊಂಡು ನುಂಗಬೇಕು. 'ಗಿಡಮೂಲಿಕೆ ತಾನೆ, ಸೈಡ್ ಎಫೆಕ್ಟ್ ಇಲ್ಲ.'

ಸೈಡ್ ಎಫೆಕ್ಟ್ ಇಲ್ಲದ ಗಿಡಮೂಲಿಕೆಗಳ ಪೈಕಿ ಕಾಸರ್ಕವೂ ಒಂದು, ದತ್ತೂರಿಯೂ ಒಂದು, ಹೊಗೆಸೊಪ್ಪೂ ಒಂದು. ಕೊರೋನಾ ಕಾಲದಲ್ಲಿ ಇಡೀ ದೇಶ ಅಮೃತಬಳ್ಳಿಯ ಹಿಂದೆ ಬಿತ್ತು. ಬೇಲಿಯ ಮೇಲೆ ಹಬ್ಬಿದ್ದನ್ನು ಕಿತ್ತು ಕುದಿಸಿ ತಿಂಗಳುಗಟ್ಟಲೆ ಕುಡಿದರು. 2020ರ ಕೊನೆಯಲ್ಲಿ ಮುಂಬೈಯ ವೈದ್ಯರು ಯಕೃತ್ತಿಗೆ ಪೆಟ್ಟು ಬಿದ್ದ ಆರು ರೋಗಿಗಳನ್ನು ನೋಡಿ, ಆರೂ ಜನ ಅಮೃತಬಳ್ಳಿ ಸೇವಿಸಿದ್ದರೆಂದು ವರದಿ ಮಾಡಿದರು. ಆಮೇಲೆ ಬೇರೆ ಊರುಗಳಿಂದಲೂ ಅಂಥ ವರದಿ ಬಂದವು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ನೋಡಲು ಅದೇ ಥರ ಇರುವ ಇನ್ನೊಂದು ಬಳ್ಳಿಯನ್ನು ತಿಂದಿರಬಹುದು ಎಂದಿತು. ಇರಬಹುದು. ಆದರೆ ಅದು ಇನ್ನೂ ಭಯದ ಮಾತಲ್ಲವೆ? ಎರಡು ಬಳ್ಳಿಗೆ ವ್ಯತ್ಯಾಸ ಗೊತ್ತಿಲ್ಲದ ದೇಶಕ್ಕೆ ಮೊದಲು ಹೇಳಬೇಕಾದ್ದು 'ಕುಡಿಯಿರಿ' ಎಂದೋ, 'ತಡೆಯಿರಿ' ಎಂದೋ?

ಅಮೆರಿಕಕ್ಕೆ ಹೋದ ನಮ್ಮವರದೂ ಇದೇ ಕಥೆ. ಮಗಳ ಬಾಣಂತನಕ್ಕೆ ಹೊರಟ ಅಮ್ಮನ ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಗ್ರಂಧಿಗೆ ಅಂಗಡಿಯ ಪೊಟ್ಟಣಗಳು ಇರಲೇಬೇಕು. ಮುಗಿದರೆ ಅಲ್ಲಿನ ಇಂಡಿಯನ್ ದಿನಸಿ ಅಂಗಡಿ ಇದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಂಶೋಧಕರು ಬಾಸ್ಟನ್ ಸುತ್ತಮುತ್ತಲ ಅಂಥ ಅಂಗಡಿಗಳಿಂದ 70 ಆಯುರ್ವೇದ ಔಷಧಿಗಳನ್ನು ಕೊಂಡು ಪರೀಕ್ಷಿಸಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇಂಥ ಲೋಹಗಳನ್ನು ಶೋಧನ, ಮಾರಣ ಮಾಡಿ ಭಸ್ಮವಾಗಿ ಸಿದ್ಧಪಡಿಸುವ ಕ್ರಮ ರಸಶಾಸ್ತ್ರದಲ್ಲಿ ವಿವರವಾಗಿಯೇ ಇದೆ. ಆ ಕ್ರಮ ನಡೆಯಿತೆ ಎಂದು ಡಬ್ಬಿಯ ಮೇಲಿನ ಧನ್ವಂತರಿಯ ಚಿತ್ರ ನೋಡಿ ಹೇಳಲಾಗದು.

ದುಡ್ಡಿದ್ದವರ ದಾರಿ ಬೇರೆ. ಅವರು ಪಂಚಕರ್ಮಕ್ಕೆ ಹೋಗುತ್ತಾರೆ. ಕಾಡಿನ ಅಂಚಿನ ರೆಸಾರ್ಟು, ಹಿತ್ತಾಳೆ ದೀಪ, ಹಣೆಯ ಮೇಲೆ ಎಣ್ಣೆಯ ಧಾರೆ, ಕಣ್ಣು ಮುಚ್ಚಿದ ಸುಂದರಿ. ಐದು ಕರ್ಮಗಳಲ್ಲಿ ಮೊದಲನೆಯದು ವಮನ, ಅಂದರೆ ವಾಂತಿ ಮಾಡಿಸುವುದು. ಎರಡನೆಯದು ವಿರೇಚನ, ಭೇದಿ ಮಾಡಿಸುವುದು. ಬಸ್ತಿ ಎಂದರೆ ಎನಿಮಾ. ಈ ಮೂರರ ಫೋಟೋ ಯಾವ ಬ್ರೋಶರಿನಲ್ಲೂ ನಾನು ಕಾಣಲಿಲ್ಲ. ಎಣ್ಣೆ ತಿಕ್ಕುವುದು, ಬೆವರಿಸುವುದು ಪಂಚಕರ್ಮವಲ್ಲ, ಅದರ ಮುಂಚಿನ ತಯಾರಿ. ನಮ್ಮ ಅತಿಥಿಗಳು ತಯಾರಿಯನ್ನಷ್ಟೇ ಮುಗಿಸಿ, ಬಿಲ್ಲು ಪೂರ್ತಿ ಕಟ್ಟಿ ಮನೆಗೆ ಬರುತ್ತಾರೆ. ನಿಜವಾದ ಶೋಧನ ಆದಮೇಲೆ ತಿಳಿಗಂಜಿಯಿಂದ ಶುರುಮಾಡಿ ಹಂತಹಂತವಾಗಿ ದಿನಗಟ್ಟಲೆ ಊಟಕ್ಕೆ ಮರಳಬೇಕು. ರೆಸಾರ್ಟಿನಲ್ಲಿ ಅಭ್ಯಂಗ ಮುಗಿಸಿ ಹೊರಬಂದರೆ ಬಫೆ ಕಾಯುತ್ತಿರುತ್ತದೆ, ಲೈವ್ ಕೌಂಟರಿನಲ್ಲಿ ಜಿಲೇಬಿ. ಗಂಜಿಯೂ ಬೇಕೆನ್ನುವವರು ನಿರಾಶರಾಗಬೇಕಿಲ್ಲ. 2022ರಿಂದ 'ಆಯುರ್ವೇದ ಆಹಾರ' ಎಂಬ ಪ್ರತ್ಯೇಕ ವರ್ಗವನ್ನೇ ಸರ್ಕಾರ ಮಾಡಿದೆ, ಅದಕ್ಕೊಂದು ಲೋಗೋ ಕೂಡ ಇದೆ. ಬಡವರ ಗಂಜಿಗೆ ಲೋಗೋ ಬಂದ ಮೇಲೆ ಬೆಲೆ ಬರದೆ ಇರುತ್ತದೆಯೆ?

ಚರಕಸಂಹಿತೆಯಲ್ಲಿ ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವೇಗಗಳ ಅಧ್ಯಾಯ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು ಹೀಗೆ 13 ವೇಗಗಳನ್ನು ತಡೆಯಬಾರದು, ತಡೆದರೆ ರೋಗ ಎನ್ನುತ್ತಾನೆ ಚರಕ. ಅದರ ಬೆನ್ನಿಗೇ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತಾನೆ. ಲೋಭ, ಕೋಪ, ಮತ್ಸರ, ಅಹಂಕಾರ, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಬಸ್ಸಿನೊಳಗೆ ಈ ಅಧ್ಯಾಯ ಓದಬೇಕು. ತಡೆಯಬಾರದ್ದನ್ನೆಲ್ಲ ಹಲ್ಲು ಕಚ್ಚಿ ತಡೆದು ಕೂತಿರುತ್ತೇವೆ. ತಡೆಯಬೇಕಾದ್ದನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡುತ್ತಿರುತ್ತೇವೆ. ಇಡೀ ದಿನ ನೀರು ಕುಡಿಯದೆ ಕೆಲಸ ಮಾಡುವ ಟ್ರಾಫಿಕ್ ಮಹಿಳಾ ಪೊಲೀಸರಿಗೆ, ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸರಿಗೆ ಚರಕ ಬರೆದುಕೊಡುವ ಔಷಧಿ ಚೂರ್ಣವಲ್ಲ, ಲೇಹ್ಯವಲ್ಲ. ನೀರು ಬರುವ, ಬಾಗಿಲಿಗೆ ಚಿಲಕ ಇರುವ ಒಂದು ಸಾರ್ವಜನಿಕ ಶೌಚಾಲಯ. ಅದನ್ನು ಆಯುರ್ವೇದ ದಿನಾಚರಣೆಯ ವೇದಿಕೆಯಿಂದ ಯಾರಾದರೂ ಘೋಷಿಸಿದ್ದು ಕೇಳಿದ್ದೀರಾ?

ಕೇಳಿರಲಾರಿರಿ. ಗ್ರಂಥದಲ್ಲಿ ಆಳುವವರಿಗೆಂದೇ ಬರೆದ ಭಾಗ ಒಂದಿದೆ, ಅದನ್ನು ಯಾವ ವೇದಿಕೆಯಲ್ಲೂ ಓದುವುದಿಲ್ಲ. ಗಂಗೆಯ ದಡದ ಕಾಂಪಿಲ್ಯದಲ್ಲಿ ಆತ್ರೇಯರು ಶಿಷ್ಯ ಅಗ್ನಿವೇಶನ ಜೊತೆ ನಡೆಯುತ್ತಾ ಹೇಳುವ ಮಾತು ವಿಮಾನಸ್ಥಾನದಲ್ಲಿ ಬರುತ್ತದೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಕೆಟ್ಟರೆ ಬೇರೆ ಬೇರೆ ಪ್ರಕೃತಿಯ ಜನರೆಲ್ಲ ಒಟ್ಟಿಗೇ ಕಾಯಿಲೆ ಬೀಳುತ್ತಾರೆ, ಊರಿಗೆ ಊರೇ ಹಾಳಾಗುತ್ತದೆ. ಹಾಗೆ ಕೆಡುವುದಕ್ಕೆ ಮೂಲ ಅಧರ್ಮ, ಆ ಅಧರ್ಮ ಶುರುವಾಗುವುದು ದೇಶ, ನಗರಗಳ ಮುಖ್ಯಸ್ಥರಿಂದ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2017ರಲ್ಲೂ 2018ರಲ್ಲೂ ಆ ಕೆರೆಗೆ ಬೆಂಕಿ ಹತ್ತಿದ್ದನ್ನು ಕಂಡ ಊರು ನಮ್ಮದು. ನೀರಿಗೇ ಬೆಂಕಿ ಹತ್ತುವ ಊರಿನಲ್ಲಿ ನಾವು ಕೂತು ನಮ್ಮದು ವಾತ ಪ್ರಕೃತಿಯೋ ಪಿತ್ತ ಪ್ರಕೃತಿಯೋ ಎಂದು ಆ್ಯಪ್‌ನಲ್ಲಿ ಕ್ವಿಜ್ ಆಡುತ್ತಿದ್ದೇವೆ.

ಇನ್ನು ಯೂಟ್ಯೂಬ್ ವೈದ್ಯರ ವಿಷಯ. ಅವರ ಬಗ್ಗೆ ನಾನು ಹೊಸದಾಗಿ ಬರೆಯಬೇಕಾದ್ದಿಲ್ಲ, ಚರಕ ಸೂತ್ರಸ್ಥಾನದ 29ನೇ ಅಧ್ಯಾಯದಲ್ಲಿ ಸಾಕಷ್ಟು ಬರೆದಿಟ್ಟಿದ್ದಾನೆ. ವೈದ್ಯರ ವೇಷ ತೊಟ್ಟು ಬೀದಿ ಸುತ್ತುತ್ತಾರಂತೆ. ಯಾರಿಗೋ ಹುಷಾರಿಲ್ಲ ಎಂದು ಕಿವಿಗೆ ಬಿದ್ದರೆ ನಾಲ್ಕೂ ಕಡೆಯಿಂದ ಮುಗಿಬೀಳುತ್ತಾರಂತೆ. ರೋಗಿಗೆ ಕೇಳುವ ಹಾಗೆ ತಮ್ಮನ್ನು ತಾವೇ ಹೊಗಳಿಕೊಂಡು, ಈಗ ನೋಡುತ್ತಿರುವ ವೈದ್ಯನ ತಪ್ಪುಗಳನ್ನು ಎತ್ತಿ ಆಡುತ್ತಾರಂತೆ. ನಮಗೆ ಹಣದ ಆಸೆಯಿಲ್ಲ ಎನ್ನುತ್ತಾರಂತೆ. ವಾಸಿಯಾಗದಿದ್ದರೆ ರೋಗಿಗೇ ಸಂಯಮವಿರಲಿಲ್ಲ ಎಂದು ತಪ್ಪು ಹೊರಿಸುತ್ತಾರಂತೆ. ಪ್ರಾಣ ಹೋಗುವ ಹೊತ್ತಿಗೆ ವೇಷ ಬದಲಿಸಿ ಬೇರೆ ಊರು ಸೇರುತ್ತಾರಂತೆ. ಅವರ ಗುರು ಯಾರು, ಸಹಪಾಠಿ ಯಾರು ಎಂದು ಯಾರಿಗೂ ತಿಳಿಯದಂತೆ. 'ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ' ಎಂಬುದೊಂದನ್ನು ಬಿಟ್ಟು ಎಲ್ಲವೂ ಇದೆ. ಆಯುರ್ವೇದದ ಕಟುವಾದ ವಿಮರ್ಶಕ ಅಲೋಪತಿಯವನೇನಲ್ಲ, ಆಯುರ್ವೇದವನ್ನು ಬರೆದವನೇ.

ಈ ಜನರನ್ನು ಹಿಡಿಯಲು ಕಾನೂನು ಇಲ್ಲವೆ ಎಂದರೆ, ಇದೆ. 1954ರಲ್ಲೇ ಬಂದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗ, ಬೊಜ್ಜು, ಕಡೆಗೆ ಎತ್ತರ ಬೆಳೆಸುವುದನ್ನೂ ಸೇರಿಸಿ ಹಲವು ವಿಷಯಗಳಲ್ಲಿ 'ವಾಸಿಮಾಡುತ್ತೇವೆ' ಎಂದು ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಅದು ಸಾಲದೆಂದು 2018ರಲ್ಲಿ 170ನೇ ನಿಯಮ ಬಂತು. ಆಯುರ್ವೇದ, ಸಿದ್ಧ, ಯುನಾನಿ ಔಷಧಿಯ ಜಾಹೀರಾತಿಗೆ ಮೊದಲು ರಾಜ್ಯದ ಪರವಾನಗಿ ಅಧಿಕಾರಿಯ ಒಪ್ಪಿಗೆ ಬೇಕು ಎಂದಿತು ಅದು. 2020ರ ಜೂನ್‌ನಲ್ಲಿ ಪತಂಜಲಿ ಸಂಸ್ಥೆ ಕೊರೋನಿಲ್ ತಂದು ಕೊರೋನಾ ವಾಸಿಯಾಗುತ್ತದೆ ಎಂದಿತು. ಸಂಸ್ಥೆಯ ಜಾಹೀರಾತುಗಳ ಮೇಲೆ ವೈದ್ಯರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದೆವು ಎಂದಾಗ, ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಿತ್ತೆ ಎಂದು ನ್ಯಾಯಾಲಯ ಕೇಳಿತು. ಕ್ಷಮಾಪಣೆಯನ್ನೂ ಹೋಮಿಯೋಪತಿ ಡೋಸಿನಲ್ಲಿ ಕೊಟ್ಟಿದ್ದರು ಎಂದು ಕಾಣುತ್ತದೆ.

ಅಷ್ಟರಲ್ಲಿ ಸಚಿವಾಲಯದ ಕಡೆಯಿಂದ ಬೇರೆಯೇ ಚಿಕಿತ್ಸೆ ನಡೆದಿತ್ತು. 170ನೇ ನಿಯಮದಡಿ ಕ್ರಮ ಕೈಗೊಳ್ಳಬೇಡಿ ಎಂದು 2023ರ ಆಗಸ್ಟ್‌ನಲ್ಲಿ ಆಯುಷ್ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈನಲ್ಲಿ ನಿಯಮವನ್ನೇ ಕಿತ್ತುಹಾಕಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಮೊಕದ್ದಮೆ ಮುಗಿಯಿತು, ತಡೆಯೂ ಹೋಯಿತು. ರೋಗ ಉಳಿಯಿತು, ಔಷಧಿಗೆ ವಮನವಾಯಿತು.

1954ರ ಕಾಯ್ದೆ ಮಾತ್ರ ಇನ್ನೂ ಇದೆ. ಅದರಡಿ ಜನ ದೂರು ಕೊಡಲು ವ್ಯವಸ್ಥೆ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಆದ್ದರಿಂದ ಓದುಗ ಮಹಾಶಯರೇ, ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ ಎಂಬ ಜಾಹೀರಾತು ಕಣ್ಣಿಗೆ ಬಿದ್ದರೆ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ, ತಾರೀಖಿನ ಸಮೇತ ಕತ್ತರಿಸಿ ದೂರು ಕೊಡಿ. ಡಾಕ್ಟರ ಹತ್ತಿರ ಹೋದಾಗ ನೀವು ಕುಡಿಯುವ ಕಷಾಯ, ನುಂಗುವ ಚೂರ್ಣ, ಎಲ್ಲದರ ಹೆಸರನ್ನೂ ಮುಚ್ಚಿಡದೆ ಹೇಳಿ. ಮತ್ತೆ ಆ ಜೇನುತುಪ್ಪ ತಿನ್ನಲೇಬೇಕು ಎಂದಿದ್ದರೆ, ನೀರು ಆರಲಿ.